‘ಹ್ಯಾವ್’ ಎಂಬ ಕ್ರಿಯಾಪದವೂ ನಮ್ಮ ‘ಹೊಂದು’ವೂ

ಇಂಗ್ಲೀಷಿನ ‘ಹ್ಯಾವ್’ ಎಂಬ ಕ್ರಿಯಾಪದವನ್ನು ಮಕ್ಕಳು ಮೊದಮೊದಲೇ ಕಲಿಯುತ್ತಾರೆ. ಅದಕ್ಕೆ ‘ಹೊಂದು’ ಎಂಬ ಒಂದೇ ಅರ್ಥವನ್ನು ಬರೆಯಿಸುವುದು ರೂಢಿಯಾಗಿದೆ. ಇದರ ಫಲವಾಗಿ ‘ರೈತನು ಎರಡು ಎತ್ತುಗಳನ್ನು ಹೊಂದಿದ್ದಾನೆ’, ‘ಆಕೆಯು ಮೂವರು ಮಕ್ಕಳನ್ನು ಹೊಂದಿದ್ದಾಳೆ’ ಎಂಬ ವಾಕ್ಯಗಳು ಮಕ್ಕಳ ಬರವಣಿಗೆಯಲ್ಲಿಯೂ ಪತ್ರಿಕೆಗಳಲ್ಲಿಯೂ ಕಾಣಿಸುತ್ತಿವೆ. ಇವು ಕನ್ನಡವೇ ಎಂಬುದನ್ನು ಇಲ್ಲಿ ವಿಚಾರಿಸೋಣ.

ಇಂಗ್ಲೀಷರು ಹಣ, ಬಂಧುಗಳು, ಜ್ವರ, ಊಟ, ಕರ್ತವ್ಯ ಎಲ್ಲಕ್ಕೂ ಈ ಒಂದೇ ಪದವನ್ನು ಬಳಸುತ್ತಾರೆ. ಕನ್ನಡವು ಇವುಗಳಲ್ಲಿ ಭೇದವನ್ನು ಕಾಣುತ್ತದೆ. ಹಣವು ‘ನನ್ನ ಹತ್ತಿರ ಇದೆ’, ತಮ್ಮಂದಿರು ‘ನನಗೆ ಇದ್ದಾರೆ’, ಜ್ವರವು ‘ನನಗೆ ಬಂದಿದೆ’, ಊಟವನ್ನು ‘ಮಾಡುತ್ತೇವೆ’, ಕರ್ತವ್ಯಕ್ಕೆ ‘ಹೋಗಬೇಕು’ ಎನ್ನುತ್ತೇವೆ. ಇಂಗ್ಲೀಷಿನಲ್ಲಿ ಒಡೆಯನು ಕರ್ತೃ, ಒಡವೆಯು ಕರ್ಮ. ಕನ್ನಡದಲ್ಲಿ ಒಡವೆಯೇ ಕರ್ತೃವಾಗಿ, ಒಡೆಯನು ಅನೇಕ ವೇಳೆ ಚತುರ್ಥೀ ವಿಭಕ್ತಿಯಲ್ಲಿ ನಿಲ್ಲುತ್ತಾನೆ. ಇದು ನಮ್ಮ ನುಡಿಯ ಕೊರತೆಯಲ್ಲ. ಸಂಸ್ಕೃತವೂ ಷಷ್ಠೀ ವಿಭಕ್ತಿಯನ್ನಿಟ್ಟು ‘ಇರು’ವಿನಿಂದಲೇ ಈ ಕೆಲಸವನ್ನು ನಡೆಸುತ್ತದೆ, ರಷ್ಯನ್ ಭಾಷೆಯ ವಾಡಿಕೆಯೂ ಹೆಚ್ಚಾಗಿ ‘ನನ್ನ ಬಳಿ ಇದೆ’ ಎಂಬ ರೀತಿಯದೇ.

ಹಾಗಾದರೆ ‘ಹೊಂದು’ ಎಂದರೇನು? ಕೂಡು, ಒಪ್ಪು, ಪಡೆ ಎಂಬುವು ಅದರ ಅರ್ಥಗಳು. ಅಂಗಿಯು ಮೈಗೆ ಹೊಂದುತ್ತದೆ; ಅತ್ತೆ ಸೊಸೆಯರು ಹೊಂದಿಕೊಂಡು ಬಾಳುತ್ತಾರೆ; ಭಕ್ತನು ಮುಕ್ತಿಯನ್ನು ಹೊಂದುತ್ತಾನೆ. ಈ ಪದದಲ್ಲಿ ಬಂದು ಸೇರುವ ಭಾವವಿದೆಯೇ ಹೊರತು ಸುಮ್ಮನೆ ಇರುವ ಭಾವವಿಲ್ಲ.

ಕಾನೂನು, ಶಾಸ್ತ್ರಗಳ ಭಾಷಾಂತರದಲ್ಲಿ ‘ಹಕ್ಕನ್ನು ಹೊಂದಿರುವವರು’ ಎಂಬ ಪ್ರಯೋಗವು ಅನಿವಾರ್ಯವೆಂದು ಕೆಲವರು ಹೇಳಬಹುದು. ಪಡೆದುಕೊಂಡ ಹಕ್ಕಿಗೆ ಅದು ಸಲ್ಲಲಿ. ಆದರೆ ‘ಹಕ್ಕುಳ್ಳವರು’, ‘ಹೊಲವಿರುವವರು’ ಎಂಬ ಚಿಕ್ಕ ಚೊಕ್ಕ ರೂಪಗಳಿರುವಾಗ ಎಲ್ಲೆಡೆಯೂ ಅದೇ ಏಕೆ?

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ರಾಯದುರ್ಗವು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ರಾಯದುರ್ಗ, ಮಡಕಶಿರಾ, ಬೆಳುಗುಪ್ಪಗಳ ಕಡೆಯಲ್ಲಿ ಕನ್ನಡ ಓದುವ ಮಗುವಿನ ಕಿವಿಗೆ ಬೀದಿಯಲ್ಲಿ ಬೀಳುವುದು ಬಹುಮಟ್ಟಿಗೆ ತೆಲುಗು. ಅಂಥ ಮಗುವಿಗೆ ಬರಹದ ಕನ್ನಡವನ್ನು ಕೊಡುವವರು ಪಠ್ಯಪುಸ್ತಕವೂ ಉಪಾಧ್ಯಾಯರೂ ಮಾತ್ರ. ಅಲ್ಲಿಯೇ ತಪ್ಪು ಜಾಡು ಬಿದ್ದರೆ ತಿದ್ದುವವರು ಯಾರು? ಇಲ್ಲಿ ತೆಲುಗನ್ನು ದೂರುವುದು ನ್ಯಾಯವಲ್ಲ. ‘ನಾಕು ಇದ್ದರು ಪಿಲ್ಲಲು ಉನ್ನಾರು’ ಎನ್ನುವ ತೆಲುಗಿನ ತಾಯಿಯೂ ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎನ್ನುವ ಕನ್ನಡದ ತಾಯಿಯೂ ಒಂದೇ ಅಚ್ಚಿನಲ್ಲಿ ಮಾತನ್ನು ಎರೆಯುತ್ತಾರೆ. ಆದಕಾರಣ ಮಗುವು ಮನೆಯಿಂದ ತರುವ ನುಡಿಯು, ಅದು ತೆಲುಗೇ ಆಗಿದ್ದರೂ, ಈ ವಿಷಯದಲ್ಲಿ ನಮಗೆ ಸಹಾಯಕವೇ.

ಉಪಾಧ್ಯಾಯ ಬಂಧುಗಳು ‘ಹ್ಯಾವ್’ ಪದಕ್ಕೆ ಒಂದೇ ಅರ್ಥವನ್ನು ಕಪ್ಪುಹಲಗೆಯ ಮೇಲೆ ಬರೆಯದೆ, ಐದಾರು ಇಂಗ್ಲೀಷ್ ವಾಕ್ಯಗಳನ್ನು ಕೊಟ್ಟು, ‘ಇದನ್ನು ನಿಮ್ಮ ಮನೆಯಲ್ಲಿ ಹೇಗೆ ಹೇಳುವಿರಿ?’ ಎಂದು ಕೇಳಬೇಕು. ‘ನಮಗೆ ಎರಡು ಎಕರೆ ಶೇಂಗಾ ಹೊಲವಿದೆ’ ಎಂದು ವಿದ್ಯಾರ್ಥಿಯು ನುಡಿದನೆಂದರೆ ಅವನು ಇಂಗ್ಲೀಷನ್ನೂ ಅರಿತಂತೆ, ಕನ್ನಡವನ್ನೂ ಉಳಿಸಿಕೊಂಡಂತೆ.