‘ಅವಸ್ಥೆ’ ಚಿತ್ರದಲ್ಲಿ ಆದರ್ಶದ ಹಾನಿ: ಒಂದು ವಿವೇಚನೆ

ಯು. ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿ 1978ರಲ್ಲಿ ಪ್ರಕಟವಾಯಿತು. ಅದನ್ನಾಧರಿಸಿ ಕೃಷ್ಣ ಮಾಸಡಿಯವರು ನಿರ್ದೇಶಿಸಿದ ಚಲನಚಿತ್ರ 1987ರಲ್ಲಿ ತೆರೆಗೆ ಬಂದಿತು. ನಾಯಕನ ಪಾತ್ರವನ್ನು ಅನಂತನಾಗ್ ವಹಿಸಿದರು. ರಾಜಕಾರಣವನ್ನು ಖಳರ ಆಟವೆಂದು ತೋರಿಸುವ ಚಿತ್ರಗಳು ನಮ್ಮಲ್ಲಿ ಹಲವಿವೆ. ಸಜ್ಜನನೊಬ್ಬನು ಅದರಲ್ಲಿ ಹೇಗೆ ಸವೆಯುತ್ತಾನೆಂಬುದನ್ನೇ ವಸ್ತುವಾಗಿ ಉಳ್ಳವು ವಿರಳ. ಆದುದರಿಂದ ಈ ಕೃತಿ ವಿವೇಚನೆಗೆ ಅರ್ಹವಾಗಿದೆ.

ಕಥಾನಾಯಕನಾದ ಕೃಷ್ಣಪ್ಪಗೌಡ ದನ ಕಾಯುವ ಹುಡುಗ. ಮಹೇಶ್ವರಯ್ಯನ ಒತ್ತಾಸೆಯಿಂದ ಅವನು ವಿದ್ಯೆ ಪಡೆಯುತ್ತಾನೆ. ಅಣ್ಣಾಜಿಯೆಂಬ ಕ್ರಾಂತಿಕಾರಿಯ ಸಹವಾಸದಿಂದ ಅವನ ರಾಜಕೀಯ ಪ್ರಜ್ಞೆ ಹರಿತವಾಗುತ್ತದೆ. ರೈತರ ನಾಯಕನಾಗಿ ಶಾಸನಸಭೆಯನ್ನು ಪ್ರವೇಶಿಸುತ್ತಾನೆ. ಕಥೆಯ ವರ್ತಮಾನದಲ್ಲಿ ಅವನ ಅರ್ಧ ದೇಹವನ್ನು ಪಾರ್ಶ್ವವಾಯು ಕಸಿದುಕೊಂಡಿದೆ. ಅದೇ ಸಮಯದಲ್ಲಿ ಮುಖ್ಯಮಂತ್ರಿಯ ಪದವಿ ಅವನ ಕೈಗೆಟಕುವಷ್ಟು ಸಮೀಪಕ್ಕೆ ಬಂದಿದೆ. 1951ರ ಕಾಗೋಡು ಸತ್ಯಾಗ್ರಹದ ಮುಂದಾಳಾಗಿದ್ದ ಶಾಂತವೇರಿ ಗೋಪಾಲಗೌಡರ ಛಾಯೆಯನ್ನು ಓದುಗರು ಈ ಪಾತ್ರದಲ್ಲಿ ಕಂಡಿರುವುದು ಸಹಜ. ಆದರೆ ಪಾತ್ರವನ್ನೂ ವ್ಯಕ್ತಿಯನ್ನೂ ಒಂದಾಗಿಸುವುದು ವಿಮರ್ಶೆಯ ಮಾರ್ಗವಲ್ಲ.

ಈ ವಸ್ತುವಿನ ಶ್ರೇಷ್ಠ ಗುಣವೆಂದರೆ, ಪತನವನ್ನು ಅದು ಮಹಾಪಾತಕಗಳಲ್ಲಿ ಹುಡುಕುವುದಿಲ್ಲ. ವೀರಣ್ಣನೆಂಬ ಗುತ್ತಿಗೆದಾರ ಲಂಚದ ಥೈಲಿ ಹಿಡಿದು ಬರುವವನಲ್ಲ. ಅಭಿಮಾನಿಯಾಗಿ, ಕಷ್ಟಕಾಲಕ್ಕೆ ಒದಗುವ ಮಿತ್ರನಾಗಿ ಬರುತ್ತಾನೆ. ಸಂಸಾರದ ಭಾರ ಹೊತ್ತ ಪತ್ನಿ ಸೀತೆಗೆ ಒಂದಿಷ್ಟು ಭದ್ರತೆ ಬೇಕೆನಿಸುವುದರಲ್ಲಿ ತಪ್ಪೇನಿದೆ? ಹೀಗೆ ಉಪಕಾರವು ಋಣವಾಗುತ್ತದೆ, ಋಣವು ದಾಕ್ಷಿಣ್ಯವಾಗುತ್ತದೆ, ದಾಕ್ಷಿಣ್ಯವು ಕೊನೆಗೆ ಮೌನವಾಗುತ್ತದೆ. ಆದರ್ಶ ಮಾರಾಟವಾದ ಗಳಿಗೆ ಯಾವುದೆಂದು ನಾಯಕನಿಗೇ ತಿಳಿಯದು.

ಆದರೂ ಒಂದು ಆಕ್ಷೇಪಣೆಯನ್ನು ಇಲ್ಲಿ ಎತ್ತಲೇಬೇಕಾಗಿದೆ. ರೋಗಶಯ್ಯೆಯಲ್ಲಿರುವವನ ಬಗೆಗೆ ಪ್ರೇಕ್ಷಕನಲ್ಲಿ ಮೊದಲು ಹುಟ್ಟುವುದು ಕರುಣೆ. ನ್ಯಾಯವಿಚಾರಣೆ ಆಮೇಲಿನ ಮಾತು. ಕಾದಂಬರಿಯಲ್ಲಿ ನಾಯಕನ ಆತ್ಮಪರೀಕ್ಷೆಯ ಕಠಿಣವಾದ ಮಾತುಗಳು ಈ ಕರುಣೆಗೆ ಕಡಿವಾಣ ಹಾಕುತ್ತವೆ. ಕ್ಯಾಮೆರಾಕ್ಕೆ ಆ ಸೌಲಭ್ಯವಿಲ್ಲ. ಅದು ಕಾಣಿಸುವುದು ನೊಂದ ಮುಖವನ್ನು. ಎಲ್ಲವೂ ನಾಯಕನ ಸ್ಮೃತಿಯ ಮೂಲಕವೇ ಹಾದುಬರುವುದರಿಂದ, ಅವನನ್ನು ನಂಬಿದ ಗೇಣಿದಾರರು ಹಿನ್ನೆಲೆಗೆ ಸರಿಯುತ್ತಾರೆ. ಆದರ್ಶ ಅಳಿದಾಗ ನಷ್ಟವಾದದ್ದು ಯಾರಿಗೆ? ನಾಯಕನ ಅಂತರಂಗಕ್ಕೋ, ಅವನಿಗೆ ಮತವಿತ್ತವರ ಹೊಲಕ್ಕೋ?

ನಮ್ಮ ಸೀಮೆಯವರಿಗೆ ಇದು ಕೇವಲ ಕಾವ್ಯಮೀಮಾಂಸೆಯ ಪ್ರಶ್ನೆಯಲ್ಲ. ಸಂಡೂರಿನಲ್ಲಿ ಇನಾಮು ಭೂಮಿಯ ಗೇಣಿದಾರರು 1973ರಲ್ಲಿ ಸಮಾಜವಾದಿಗಳೊಡಗೂಡಿ ಸತ್ಯಾಗ್ರಹ ಹೂಡಿದರು. ತಿದ್ದುಪಡಿಯಾದ ಭೂಸುಧಾರಣಾ ಶಾಸನ 1974ರ ಮಾರ್ಚ್ 1ರಂದು ರಾಜ್ಯದಲ್ಲಿ ಜಾರಿಗೆ ಬಂದಿತು. ಅದೇ ಬೆಟ್ಟಗಳ ಕಬ್ಬಿಣದ ಅದಿರು ಮುಂದೆ ಚುನಾವಣೆಯ ಬಲವಾಗಿ ಪರಿಣಮಿಸಿದ ಬಗೆಯನ್ನು ನಾವೆಲ್ಲರೂ ಕಂಡಿದ್ದೇವೆ. ಅಕ್ರಮ ಗಣಿಗಾರಿಕೆಯನ್ನು ಕುರಿತ ಲೋಕಾಯುಕ್ತರ ವರದಿ 2011ರಲ್ಲಿ ಹೊರಬಿದ್ದಿತು. ಈ ಎರಡರ ನಡುವಣ ಕಾಲದಲ್ಲಿ, 1999ರಲ್ಲಿ, ಸೋನಿಯಾ ಗಾಂಧಿ ಹಾಗೂ ಸುಷ್ಮಾ ಸ್ವರಾಜ್ ಅವರ ಸ್ಪರ್ಧೆಯಿಂದ ಬಳ್ಳಾರಿ ಲೋಕಸಭಾ ಕ್ಷೇತ್ರದ ಪ್ರಚಾರ ದೇಶದ ಕಣ್ಣನ್ನೆಲ್ಲ ಸೆಳೆಯಿತು. ಗೆದ್ದವರು ಅಮೇಥಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ತೆರವು ಮಾಡಿದರು. ಪ್ರಚಾರದ ಬೆಳಕು ನಾಯಕರ ಮೇಲೆ ಬಿದ್ದಿತೇ ಹೊರತು ಮತದಾರನ ಮೇಲಲ್ಲ. ‘ಅವಸ್ಥೆ’ಯ ದೃಷ್ಟಿಯೂ ಒಂದರ್ಥದಲ್ಲಿ ಇದೇ ಮಿತಿಗೆ ಒಳಗಾಗಿದೆ.

ಹೀಗೆಂದ ಮಾತ್ರಕ್ಕೆ ಚಿತ್ರದ ಬೆಲೆ ಕುಂದುವುದಿಲ್ಲ. ದಾಕ್ಷಿಣ್ಯದ ದಾರಿಯಲ್ಲಿ ಬರುವ ಕೇಡನ್ನು ಅದು ಗುರುತಿಸಿದಷ್ಟು ಸೂಕ್ಷ್ಮವಾಗಿ ಗುರುತಿಸಿದ ಕನ್ನಡ ಚಿತ್ರಗಳು ಹೆಚ್ಚಿಲ್ಲ. ಹೊಸಪೇಟೆ, ಕಂಪ್ಲಿಗಳಿಂದ ಹಂಪಿಯ ವಿಶ್ವವಿದ್ಯಾಲಯಕ್ಕೆ ಬರುವ ವಿದ್ಯಾರ್ಥಿಗಳು ಕಾದಂಬರಿಯನ್ನೂ ಚಿತ್ರವನ್ನೂ ಜೊತೆಯಲ್ಲಿಟ್ಟು ಅಭ್ಯಸಿಸುವುದು ಉಚಿತ. ಆಗ ನಾಯಕನಿಗಾಗಿ ಮರುಗುವುದರ ಜೊತೆಗೆ, ಸಭೆಯ ಕೊನೆಯ ಸಾಲಿನಲ್ಲಿ ಕುಳಿತು ಅವನ ಭಾಷಣ ಕೇಳಿದ ಗೇಣಿದಾರನ ಕಥೆ ಎಲ್ಲಿ ಹೋಯಿತೆಂದು ಅವರು ಕೇಳಬೇಕು. ಆ ಕಥೆಯನ್ನು ತೋರಿಸುವ ಚಿತ್ರಕ್ಕೆ ಸಾಮಗ್ರಿ ಸಂಡೂರಿನಲ್ಲಿಯೇ ಇದೆ.