ಎಂಟನೇ ಕಿಲೋಮೀಟರಿನಲ್ಲಿ ನಿಂತು ನೋಡಿ

ಕಂಬಳದ ಊರಿನಲ್ಲಿ ಬೆಳೆದವರಿಗೆ ಕಣ್ಣು ಎಲ್ಲಿಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕನೆಹಲಗೆಯ ಸರದಿ ಬಂತೆಂದರೆ ಅವರ ಕಣ್ಣು ಕೋಣಗಳನ್ನು ಬಿಟ್ಟು ಮೇಲೆ ಕಟ್ಟಿದ ನಿಶಾನೆಗೆ ಹೋಗುತ್ತದೆ. ಚಿಮ್ಮಿದ ನೀರು ಆರೂವರೆ ಕೋಲಿಗೆ ಮುಟ್ಟಿತೋ, ಏಳೂವರೆಗೆ ಮುಟ್ಟಿತೋ, ಅಷ್ಟೇ ಅಲ್ಲಿನ ಲೆಕ್ಕ. ಯಕ್ಷಗಾನ ನೋಡುವವರಿಗೂ ಹಾಗೇ, ಯಾವ ಪದಕ್ಕೆ ನೆಟ್ಟಗೆ ಎದ್ದು ಕೂರಬೇಕೆಂದು ಗೊತ್ತಿರುತ್ತದೆ. ನಗರದ ರಸ್ತೆ ಓಟಕ್ಕೆ ಮಾತ್ರ ನಮ್ಮಲ್ಲಿ ಇನ್ನೂ ಅಂಥ ರಸಿಕರು ತಯಾರಾಗಿಲ್ಲ. ಭಾನುವಾರ ಬೆಳಿಗ್ಗೆ ಬ್ಯಾರಿಕೇಡಿನ ಹಿಂದೆ ನಿಂತವರು ಕೀನ್ಯಾ, ಇಥಿಯೋಪಿಯಾದ ಓಟಗಾರರು ಕಣ್ಣೆದುರು ಹಾದುಹೋದದ್ದನ್ನು ನೋಡುತ್ತಾರೆ, ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಾರೆ, ಹಿಂದೆ ಬರುವ ಸಾವಿರಾರು ಜನರನ್ನು ಜಾತ್ರೆಯೆಂದುಕೊಂಡು ಕಾಫಿಗೆ ಹೊರಡುತ್ತಾರೆ. ಆ ಸಾವಿರಾರು ಜನರಲ್ಲಿ ಹನ್ನೆರಡು ವರ್ಷದಿಂದ ನಾನೂ ಒಬ್ಬ. ಗೆಲ್ಲುವ ಪ್ರಶ್ನೆಯೇ ಇಲ್ಲದ ನಮ್ಮ ಓಟದಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳುವವರಿಗಾಗಿ ಈ ಬರಹ.

ರಸ್ತೆ ಓಟದ ರಸವೆಲ್ಲ ಇರುವುದು ಹಿಡಿತದಲ್ಲಿ. ಹೊರಡುವಾಗ ಪ್ರತಿಯೊಬ್ಬರ ಮೈಯಲ್ಲೂ ಇಂತಿಷ್ಟೇ ಎಂಬ ಶಕ್ತಿಯಿರುತ್ತದೆ. ಒಂದನೇ ತಾರೀಕಿಗೆ ಬಂದ ಸಂಬಳವನ್ನು ತಿಂಗಳ ಕೊನೆಯವರೆಗೆ ಒಯ್ಯುವ ಸಂಸಾರಸ್ಥರ ಹಾಗೆ ಅದನ್ನು ಕೊನೆಯ ಗೆರೆಯವರೆಗೆ ಒಯ್ಯಬೇಕು. ಯಾರು ಹೇಗೆ ಒಯ್ಯುತ್ತಾರೆ ಎಂದು ನೋಡಲು ಕಲಿತರೆ, ಮೊದಲನೆಯವರ ಓಟದಷ್ಟೇ ಐದು ಸಾವಿರದನೆಯವರ ಓಟವೂ ಸ್ವಾರಸ್ಯವೆನಿಸುತ್ತದೆ.

ಬೆಂಗಳೂರಿನ ವರ್ಲ್ಡ್ 10ಕೆ ಓಟವನ್ನೇ ತೆಗೆದುಕೊಳ್ಳಿ. 2008ರಲ್ಲಿ ಶುರುವಾದ ಈ ಹತ್ತು ಕಿಲೋಮೀಟರಿನ ಓಟಕ್ಕೆ ಬೇಸಿಗೆಯ ಒಂದು ಭಾನುವಾರ ಊರ ನಡುವಿನ ರಸ್ತೆಗಳಲ್ಲಿ ವಾಹನ ನಿಲ್ಲುತ್ತದೆ. ಪಿಸ್ತೂಲಿನ ಸದ್ದಾದ ಮೇಲೂ ಹಿಂದಿನವರು ನಿಂತೇ ಇರುತ್ತಾರೆ. ಒಂದು ವರ್ಷ ನಾನು ಆರಂಭದ ಗೆರೆ ಮುಟ್ಟುವಷ್ಟರಲ್ಲಿ ಒಂಬತ್ತು ನಿಮಿಷ ಕಳೆದಿತ್ತು. ಅದಕ್ಕೇ ಎದೆಗೆ ನಾಲ್ಕು ಪಿನ್ನು ಚುಚ್ಚಿ ಕಟ್ಟಿಕೊಳ್ಳುವ ನಂಬರಿನ, ಅಂದರೆ ಬಿಬ್‌ನ, ಹಿಂಬದಿಯಲ್ಲಿ ತೆಳ್ಳನೆಯ ಚಿಪ್ ಅಂಟಿಸಿರುತ್ತಾರೆ. ರಸ್ತೆಗೆ ಅಡ್ಡಲಾಗಿ ಹಾಸಿದ ಮ್ಯಾಟ್ ತುಳಿದ ಕ್ಷಣದಿಂದ ನಮ್ಮ ಗಡಿಯಾರ ಶುರು. ಪಿಸ್ತೂಲಿನಿಂದ ಎಣಿಸಿದ್ದು ಗನ್ ಟೈಮ್, ಮ್ಯಾಟ್‌ನಿಂದ ಮ್ಯಾಟ್‌ಗೆ ಎಣಿಸಿದ್ದು ನೆಟ್ ಟೈಮ್. ಪ್ರಶಸ್ತಿಗೆ ಓಡುವವರಿಗೆ ಮೊದಲನೆಯದು ಮುಖ್ಯ, ನಮಗೆ ಎರಡನೆಯದು. ಆರಂಭದ ಹತ್ತಿರ ನಿಂತಿದ್ದರೆ ಒಂದು ನಿಮಿಷ ಕಣ್ಣು ಮುಚ್ಚಿ ಕೇಳಿ. ಧ್ವನಿವರ್ಧಕದ ಹಾಡಿನ ಕೆಳಗೆ, ಮೈಕಿನ ಕೂಗಿನ ಕೆಳಗೆ, ಮ್ಯಾಟಿನ ಬೀಪ್‌ಗಳು ಒಂದರ ಮೇಲೊಂದು ಬಿದ್ದು ಮಲೆನಾಡಿನ ಜೀರುಂಡೆಗಳ ಸದ್ದಿನಂತಾಗುತ್ತವೆ. ಒಂದೊಂದು ಬೀಪ್ ಒಬ್ಬೊಬ್ಬರ ಓಟದ ಆರಂಭ.

ಮೊದಲ ಕಿಲೋಮೀಟರಿನಲ್ಲಿ ನೋಡಬೇಕಾದವರು ಹಿಂದೆ ಬೀಳುತ್ತಿರುವವರು. ಎಲ್ಲರೂ ಎಡಕ್ಕೂ ಬಲಕ್ಕೂ ನುಗ್ಗಿ ಮುಂದೆ ಹೋಗುತ್ತಿರುವಾಗ, ವಾಚು ನೋಡಿಕೊಂಡು, ತುಟಿ ಮುಚ್ಚಿಕೊಂಡು, ಜನ ದಾಟಿ ಹೋಗಲೆಂದು ಬಿಟ್ಟುಕೊಡುವವರು ಕೆಲವರಿರುತ್ತಾರೆ. ಅಂಥವರ ನಂಬರು ನೆನಪಿಟ್ಟುಕೊಳ್ಳಿ. ಒಂದು ಗಂಟೆಯ ಮೇಲೆ ಅವರೇ ಹಗುರಾಗಿ ಓಡುತ್ತಿರುವುದು ಕಾಣುತ್ತದೆ. ನನ್ನ ಮೊದಲ ಹಾಫ್ ಮ್ಯಾರಥಾನಿನಲ್ಲಿ ನಾನು ಹಾಗೆ ಬಿಟ್ಟುಕೊಡಲಿಲ್ಲ. ಮೊದಲ ಐದು ಕಿಲೋಮೀಟರನ್ನು ಅಭ್ಯಾಸದಲ್ಲಿ ಎಂದೂ ಓಡದ ವೇಗದಲ್ಲಿ ಓಡಿದೆ. ಹದಿನಾರರ ಬೋರ್ಡಿನ ಬಳಿ ಎಡಗಾಲಿನ ಮೀನಖಂಡ ಗಂಟು ಕಟ್ಟಿತು, ಉಳಿದ ಐದಕ್ಕೆ ಹತ್ತಿರ ಹತ್ತಿರ ಒಂದು ಗಂಟೆ ಬೇಕಾಯಿತು. ನಾನು ದಾಟಿ ಬಂದಿದ್ದವರೆಲ್ಲ ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹೋದರು.

ದ್ವಿತೀಯಾರ್ಧವನ್ನು ಪ್ರಥಮಾರ್ಧಕ್ಕಿಂತ ಬೇಗ ಮುಗಿಸುವುದಕ್ಕೆ ಓಟಗಾರರ ಮಾತಿನಲ್ಲಿ ನೆಗೆಟಿವ್ ಸ್ಪ್ಲಿಟ್ ಎನ್ನುತ್ತಾರೆ. ಇದರ ಅತಿ ಚೆಲುವಾದ ಉದಾಹರಣೆಯೆಂದು ನಾನು ಎಣಿಸುವುದು 2023ರ ಅಕ್ಟೋಬರಿನಲ್ಲಿ ಶಿಕಾಗೊದಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟಮ್ ಓಡಿದ ಮ್ಯಾರಥಾನ್. ಒಟ್ಟು 2 ಗಂಟೆ 35 ಸೆಕೆಂಡು, ಅಂದಿನ ವಿಶ್ವದಾಖಲೆ. ಮೊದಲರ್ಧಕ್ಕೆ 60 ನಿಮಿಷ 48 ಸೆಕೆಂಡು, ಎರಡನೆಯದಕ್ಕೆ 59 ನಿಮಿಷ 47 ಸೆಕೆಂಡು. ಬೇರೆಯವರ ಕಾಲು ಸೋಲುವ ಹೊತ್ತಿಗೆ ಅವರು ಕೂಡಿಟ್ಟದ್ದನ್ನು ಬಿಚ್ಚಿದರು. ನಾಲ್ಕು ತಿಂಗಳಿಗೆ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 24 ವರ್ಷ. ಆ ಓಟದ ವಿಡಿಯೊ ಸಿಕ್ಕರೆ ಮೂವತ್ತನೇ ಕಿಲೋಮೀಟರಿನಿಂದ ಮುಂದಕ್ಕೆ ನೋಡಿ.

ಇನ್ನು ಲೆಕ್ಕದ ಭಾಷೆ. ಇದು ಬಂದರೆ ಅರ್ಧ ಓಟ ಅರ್ಥವಾದಂತೆ. ನಾವು ಗಂಟೆಗೆ ಎಷ್ಟು ಕಿಲೋಮೀಟರೆಂದು ಹೇಳುವುದಿಲ್ಲ, ಕಿಲೋಮೀಟರಿಗೆ ಎಷ್ಟು ನಿಮಿಷ ಎನ್ನುತ್ತೇವೆ, ಅದೇ ಪೇಸ್. ಆರು ನಿಮಿಷದ ಪೇಸ್ ಹಿಡಿದರೆ ಹತ್ತು ಕಿಲೋಮೀಟರು ಸರಿಯಾಗಿ ಒಂದು ಗಂಟೆ. ಹವ್ಯಾಸಿ ಓಟಗಾರರಲ್ಲಿ ಬಹಳ ಮಂದಿಗೆ ಆ ಒಂದು ಗಂಟೆಯೇ ಹೊಸಿಲು. ಮೂರು ವರ್ಷ ಒದ್ದಾಡಿ 60 ನಿಮಿಷ 20 ಸೆಕೆಂಡಿನಿಂದ 59 ನಿಮಿಷ 50 ಸೆಕೆಂಡಿಗೆ ಬಂದವರನ್ನು ನಾನು ಬಲ್ಲೆ. ಆ ಮೂವತ್ತು ಸೆಕೆಂಡಿನ ಹಿಂದೆ ನಸುಕಿನ ಐದು ಗಂಟೆಗೆ ಎದ್ದ ನೂರಾರು ಬೆಳಗುಗಳಿವೆ. ಫಲಿತಾಂಶದ ಪಟ್ಟಿಯಲ್ಲಿ ಅದೊಂದು ಸಾಲು ಮಾತ್ರ.

ಈ ಹೊಸಿಲು ದಾಟಿಸಲೆಂದೇ ಪೇಸರ್‌ಗಳಿರುತ್ತಾರೆ. ಸಮಯ ಬರೆದ ಬಾವುಟವನ್ನೋ ಬಲೂನನ್ನೋ ಹಿಡಿದು, ಹೇಳಿದ ಹೊತ್ತಿಗೆ ಸರಿಯಾಗಿ ಮುಗಿಸುವ ಮಾತು ಕೊಟ್ಟು ಓಡುವವರು ಇವರು. ಅವರ ಹಿಂದೆ ಕೂಡಿಕೊಂಡ ಗುಂಪಿಗೆ ಬಸ್ ಎಂದು ಹೆಸರು. ‘ಒಂದೂಕಾಲರ ಬಸ್ ಹಿಡಿದೆ’, ‘ಏರಿನಲ್ಲಿ ಬಸ್ ತಪ್ಪಿತು’ ಎಂದೇ ಮಾತಾಡಿಕೊಳ್ಳುತ್ತೇವೆ. ಒಳ್ಳೆಯ ಪೇಸರ್ ಮೃದಂಗದವರ ಹಾಗೆ, ಕಾಲ ಬಿಡುವುದಿಲ್ಲ. ತಾನು ಇನ್ನೂ ಇಪ್ಪತ್ತು ನಿಮಿಷ ಬೇಗ ಓಡಬಲ್ಲವನಾಗಿದ್ದೂ ಆ ದಿನದ ಓಟವನ್ನು ಗುರುತಿಲ್ಲದ ಹದಿನೈದು ಮಂದಿಗೆ ಬಿಟ್ಟುಕೊಟ್ಟಿರುತ್ತಾನೆ. ಕೊನೆಯ ಇನ್ನೂರು ಮೀಟರಿನಲ್ಲಿ ಅವನು ಬದಿಗೆ ಸರಿದು ‘ಹೋಗಿ, ಹೋಗಿ’ ಎಂದು ತನ್ನ ಬಸ್ಸಿನವರನ್ನು ಮುಂದೆ ಕಳಿಸುವುದು ಕಾಣಲು ಸಿಕ್ಕರೆ, ಆ ಬೆಳಿಗ್ಗೆ ಎದ್ದು ಬಂದದ್ದು ಸಾರ್ಥಕ.

ದಾರಿಯ ಅಳತೆಯಲ್ಲೂ ಒಂದು ಸೂಕ್ಷ್ಮವಿದೆ. ಪ್ರಮಾಣಿತ ರಸ್ತೆ ಓಟವನ್ನು ಅಳೆಯುವುದು ಸೈಕಲ್ಲಿನಿಂದ. ಮುಂದಿನ ಚಕ್ರಕ್ಕೆ ಎಣಿಕೆಯ ಸಣ್ಣ ಯಂತ್ರ ಜೋಡಿಸಿ, ತಿರುವುಗಳಲ್ಲಿ ಅಂಚಿನಿಂದ 30 ಸೆಂಟಿಮೀಟರ್ ದೂರದಲ್ಲಿ, ಓಟಗಾರ ಓಡಬಹುದಾದ ಅತಿ ಹತ್ತಿರದ ಗೆರೆಯಲ್ಲೇ ಸೈಕಲ್ ಹೋಗುತ್ತದೆ. ಕಡಿಮೆ ಬೀಳಬಾರದೆಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚು ಸೇರಿಸುತ್ತಾರೆ, 42.195 ಕಿಲೋಮೀಟರಿನ ಮ್ಯಾರಥಾನಿಗೆ ಅದು 42 ಮೀಟರಾಗುತ್ತದೆ. ತಮ್ಮ ವಾಚು 10.2 ತೋರಿಸಿತೆಂದು ಆಯೋಜಕರ ಮೇಲೆ ರೇಗುವ ಹೊಸಬರಿಗೆ ಇದು ಗೊತ್ತಿರುವುದಿಲ್ಲ. ವಾಚಿನ ತಪ್ಪಂತೂ ಇದ್ದದ್ದೇ, ಜೊತೆಗೆ ಅವರು ಪ್ರತಿ ತಿರುವಿನಲ್ಲೂ ಹೊರಗಿನಿಂದ ಸುತ್ತಿ ಬಂದಿರುತ್ತಾರೆ. ದೊಡ್ಡ ತಿರುವಿನ ಬಳಿ ನಿಂತು ಗಮನಿಸಿ. ಪಳಗಿದವರು ಐವತ್ತು ಮೀಟರು ಮೊದಲೇ ಒಳ ಅಂಚಿನ ಕಡೆಗೆ ಓರೆಯಾಗಿ ಸರಿಯತೊಡಗುತ್ತಾರೆ. ಗದ್ದೆಯ ಬದುವಿನ ಮೇಲೆ ನಡೆಯುವವರು ದಾರಿ ಉಳಿಸುವ ಹಾಗೆ ಅದು ಕಾಲಿಗೇ ಬಂದಿರುತ್ತದೆ.

ಎಲ್ಲಿ ನಿಲ್ಲಬೇಕೆಂದು ಕೇಳಿದರೆ, ಫಿನಿಶ್ ಗೆರೆಯಲ್ಲಿ ಬೇಡ ಎನ್ನುತ್ತೇನೆ. ಅಲ್ಲಿ ಎಲ್ಲರೂ ಕೈ ಎತ್ತಿ ನಗುತ್ತಾರೆ, ಕ್ಯಾಮೆರಾ ಇರುತ್ತದೆ. ಹತ್ತು ಕಿಲೋಮೀಟರಿನ ಓಟವಾದರೆ ಎಂಟನೆಯದರ ಬಳಿ ನಿಲ್ಲಿ. ಮುಗಿದಷ್ಟು ದೂರ ಹಿಂದೆ ಬಿದ್ದಿದೆ, ಮುಗಿಯಿತೆನ್ನಲು ಇನ್ನೂ ಸಮಯವಿದೆ. ಆರಂಭದ ಹುರುಪಿಲ್ಲ, ಕೊನೆಯ ಚಪ್ಪಾಳೆಯಿಲ್ಲ. ಅಲ್ಲಿ ಸಂಗೀತವೂ ಇರದಿದ್ದರೆ ಇನ್ನೂ ಒಳ್ಳೆಯದು, ಹೆಜ್ಜೆಗಳು ಕೇಳುತ್ತವೆ. ಹಿಡಿತ ಉಳಿದವರ ಹೆಜ್ಜೆ ಚಿಕ್ಕದು, ಸದ್ದು ಕಡಿಮೆ. ಸೋತವರ ಹೆಜ್ಜೆ ಪಟ್ ಪಟ್ ಎಂದು ನೆಲಕ್ಕೆ ಅಪ್ಪಳಿಸುತ್ತದೆ. ಭುಜ ಕಿವಿಯ ಕಡೆಗೆ ಏರಿದೆಯೇ, ಮುಷ್ಟಿ ಬಿಗಿದಿದೆಯೇ, ನೋಡಿ.

ಒಮ್ಮೆ ಕಾಲು ನೋವಿದ್ದ ವರ್ಷ ನಾನು ಹೀಗೆ ಹಲಸೂರು ಕೆರೆಯಿಂದ ಮೇಲೆ ಬರುವ ಏರಿನಲ್ಲಿ ನಿಂತು ಓಟ ನೋಡಿದೆ. ಅರವತ್ತು ದಾಟಿದ ಹಿರಿಯರೊಬ್ಬರು ಬಂದರು. ಮುಖ ನೆಲದ ಕಡೆಗಿತ್ತು, ಬಲಗೈಯ ಹೆಬ್ಬೆರಳು ಮಾತ್ರ ಚಲಿಸುತ್ತಿತ್ತು. ನಮ್ಮ ಅಜ್ಜಂದಿರು ಜಪ ಎಣಿಸುವ ಹಾಗೆ ಕಿರುಬೆರಳಿನ ಬುಡದಿಂದ ಗೆಣ್ಣು ಗೆಣ್ಣಾಗಿ ಏರುತ್ತ ಬರುತ್ತಿದ್ದರು. ಏನು ಎಣಿಸುತ್ತಿದ್ದಾರೆಂದು ತಿಳಿಯಲು ಪಕ್ಕದಲ್ಲೇ ನಾಲ್ಕು ಹೆಜ್ಜೆ ನಡೆದೆ. ದೀಪದ ಕಂಬ! ಒಂದು ಕಂಬ ದಾಟಿದರೆ ಒಂದು ಗೆಣ್ಣು. ಹನ್ನೆರಡು ಗೆಣ್ಣು ಮುಗಿದಾಗ ಎರಡು ಕಂಬದಷ್ಟು ದೂರ ನಡೆದರು, ಮತ್ತೆ ಹೆಬ್ಬೆರಳು ಕಿರುಬೆರಳಿನ ಬುಡಕ್ಕೆ ಬಂತು, ಮತ್ತೆ ಓಟ. ಅವರ ಕೈಯಲ್ಲಿ ದುಬಾರಿ ವಾಚಿರಲಿಲ್ಲ. ಕಿಪ್ಟಮ್ ಶಿಕಾಗೊದಲ್ಲಿ ಮಾಡಿದ್ದೂ ಇದೇ ಲೆಕ್ಕಾಚಾರ ಎಂದು ನನಗೆ ಹೊಳೆದದ್ದು ಆಗ. ಅಂದಿನಿಂದ ನಾನೂ ಏರು ಬಂದಲ್ಲೆಲ್ಲ ಗೆಣ್ಣು ಎಣಿಸುತ್ತೇನೆ.

ಪೂರ್ತಿ ಮ್ಯಾರಥಾನಿನಲ್ಲಿ ಎಂಟನೇ ಕಿಲೋಮೀಟರಿಗೆ ಸಮನಾದ ಜಾಗ ಮೂವತ್ತರ ಆಚೆಗಿದೆ. ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ದೇಹ ಕೂಡಿಟ್ಟ ಗ್ಲೈಕೋಜನ್ ಸಾಮಾನ್ಯವಾಗಿ ಅಲ್ಲಿಗೆ ಬರಿದಾಗುತ್ತ ಬರುತ್ತದೆ, ಕಾಲು ಕಲ್ಲಾಗುತ್ತದೆ. ‘ವಾಲ್ ಹೊಡೀತು’ ಎನ್ನುವುದು ಇದಕ್ಕೇ. ಇದನ್ನು ನೋಡಲು ನಮ್ಮ ದೇಶದಲ್ಲಿ ಮುಂಬೈಯ ಪೆಡ್ಡರ್ ರಸ್ತೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. 2004ರಲ್ಲಿ ಶುರುವಾಗಿ ಈಗ ಜನವರಿಯಲ್ಲಿ ನಡೆಯುವ ಅಲ್ಲಿನ ಮ್ಯಾರಥಾನಿಗೆ ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋಗುವವರು ಬಹಳ; ರೈಲು ಇಳಿಯುವ ಸಿಎಸ್‌ಎಂಟಿ ನಿಲ್ದಾಣದ ಎದುರೇ ಓಟ ಹೊರಡುತ್ತದೆ. ಕತ್ತಲಲ್ಲಿ ಸಲೀಸಾಗಿ ದಾಟಿದ ಪೆಡ್ಡರ್ ರಸ್ತೆ ಹಿಂತಿರುಗುವಾಗ ಬಿಸಿಲಲ್ಲಿ, ಮೂವತ್ತೈದರ ಆಚೆ, ಏರಾಗಿ ಎದುರು ನಿಲ್ಲುತ್ತದೆ. ಸುತ್ತಲಿನ ಮನೆಗಳವರು ಕಿತ್ತಳೆ ಹಣ್ಣಿನ ಹೋಳು, ಉಪ್ಪು, ಬಿಸ್ಕತ್ತು, ನೀರು ಹಿಡಿದು ರಸ್ತೆಗೆ ಇಳಿದಿರುತ್ತಾರೆ. ಒಮ್ಮೆ ಅಲ್ಲಿ ನಾನು ನಡೆಯತೊಡಗಿದ್ದೆ. ಏಳೆಂಟು ವರ್ಷದ ಹುಡುಗಿಯೊಬ್ಬಳು ನನ್ನ ಬಿಬ್ ಮೇಲಿದ್ದ ಹೆಸರನ್ನು ಅಕ್ಷರ ಕೂಡಿಸಿ ಓದಿ, ಜೋರಾಗಿ ಕೂಗಿ, ಕಿತ್ತಳೆಯ ಹೋಳು ಚಾಚಿದಳು. ಆ ಕೂಗಿಗೆ ಏರು ಮುಗಿಯುವವರೆಗೆ ಓಡಿದೆ. ಹೆಸರು ಕರೆದರೆ ಸೋತ ಕಾಲು ಹೇಗೆ ಎದ್ದೇಳುತ್ತದೆಂದು ವಿವರಿಸಲು ನನ್ನಿಂದಾಗದು, ಎದ್ದೇಳುವುದು ಮಾತ್ರ ನಿಜ.

ಕೂಗುವುದರಲ್ಲೂ ಒಂದು ನಯವಿದೆ. ‘ಇನ್ನೇನು ಬಂದೇಬಿಡ್ತು’ ಎಂದು ಮೂರು ಕಿಲೋಮೀಟರು ಬಾಕಿಯಿರುವಾಗ ಹೇಳಬೇಡಿ. ಬರದಿದ್ದಾಗ ಓಟಗಾರನ ಮನಸ್ಸು ಇನ್ನಷ್ಟು ಕುಸಿಯುತ್ತದೆ. ‘ಮುಂದೆ ಬಲಕ್ಕೆ ತಿರುವು, ಆಮೇಲೆ ಇಳಿಜಾರು’ ಎಂದು ಇದ್ದದ್ದನ್ನು ಹೇಳಿ. ನೀರು ಕೊಡುವ ಕೆಲಸ ಸಿಕ್ಕರೆ ಲೋಟವನ್ನು ಅಂಚಿನಲ್ಲಿ ಎರಡೇ ಬೆರಳಿನಿಂದ ಸಡಿಲವಾಗಿ ಹಿಡಿದು, ಓಟಗಾರನ ಜೊತೆ ಎರಡು ಹೆಜ್ಜೆ ಹಾಕಿ. ಆಗ ನೀರು ಚೆಲ್ಲುವುದಿಲ್ಲ.

ಕೊನೆಯವರನ್ನು ನೋಡದೆ ಹೋಗಬೇಡಿ. ಪ್ರತಿ ಓಟಕ್ಕೂ ಕಟ್-ಆಫ್ ಇರುತ್ತದೆ, ಅದರೊಳಗೆ ಮುಗಿಸಬೇಕು. ಇದನ್ನು ಒಂದು ಕಲೆಯಾಗಿಯೇ ನೋಡುವವರು ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟದ ಜನ. ಗಾಂಧೀಜಿಯವರನ್ನು ರೈಲಿನಿಂದ ಇಳಿಸಿದ ಅದೇ ಪೀಟರ್‌ಮಾರಿಟ್ಸ್‌ಬರ್ಗ್‌ಗೂ ಡರ್ಬನ್‌ಗೂ ನಡುವೆ ಸುಮಾರು 90 ಕಿಲೋಮೀಟರಿನ ಈ ಓಟ 1921ರಿಂದ ಇದೆ. ಗಡುವು ಹನ್ನೆರಡು ಗಂಟೆ. ಗಡುವು ಮುಗಿಯುವ ಹೊತ್ತಿಗೆ ಅಧಿಕಾರಿಯೊಬ್ಬರು ಬರುವವರಿಗೆ ಬೆನ್ನು ತಿರುಗಿಸಿ ನಿಂತು ಬಂದೂಕು ಹಾರಿಸುತ್ತಾರೆ, ಮುಖ ಕಂಡರೆ ಕೈ ತಡೆದೀತೆಂದು. ಒಂದು ಸೆಕೆಂಡು ತಡವಾದರೂ ಪದಕವಿಲ್ಲ. ಗೆದ್ದವರು ಬಂದುಹೋಗಿ ಆರು ಗಂಟೆಗೂ ಹೆಚ್ಚಾಗಿರುತ್ತದೆ, ಜನ ಮಾತ್ರ ಆ ಕೊನೆಯ ನಿಮಿಷಕ್ಕೆಂದೇ ಕಾದು ಕುಳಿತಿರುತ್ತಾರೆ. ನಮ್ಮ ಊರುಗಳಲ್ಲಿ ಆ ಹೊತ್ತಿಗೆ ಬ್ಯಾರಿಕೇಡು ಎತ್ತುತ್ತಿರುತ್ತಾರೆ, ಪೆಂಡಾಲು ಬಿಚ್ಚುತ್ತಿರುತ್ತಾರೆ. ಕೊನೆಯವರು ಒಂದು ಕಡೆ ಆಂಬುಲೆನ್ಸು, ಇನ್ನೊಂದು ಕಡೆ ಹಾರ್ನು ಹೊಡೆಯುವ ವಾಹನಗಳ ನಡುವೆ ಬರುತ್ತಾರೆ. ಇಡೀ ಓಟದಲ್ಲಿ ಅತಿ ಹೆಚ್ಚು ಹೊತ್ತು ಬಿಸಿಲಿನಲ್ಲಿ ಇದ್ದವರು ಅವರೇ.

ಮುಂದಿನ ಬಾರಿ ನಿಮ್ಮ ಊರಿನಲ್ಲಿ ಓಟವಿದ್ದಾಗ ಮಕ್ಕಳನ್ನು ಕರೆದುಕೊಂಡು ಎಂಟನೇ ಕಿಲೋಮೀಟರಿಗೆ ಬನ್ನಿ. ಬಿಬ್ ಮೇಲೆ ಹೆಸರಿರುತ್ತದೆ, ಓದಿ ಕೂಗಿ. ಆಂಬುಲೆನ್ಸು ಹಾದುಹೋಗುವವರೆಗೆ ದಯವಿಟ್ಟು ನಿಂತಿರಿ.