ವಯಸ್ಸೇ ಬಲವಾದಾಗ: ರಜನಿಯ ‘ಜೈಲರ್’

‘ಜೈಲರ್’ ಶುರುವಾದಾಗ ರಜನಿಕಾಂತ್ ಒಬ್ಬ ಅಜ್ಜ. ಮೊಮ್ಮಗನ ಯೂಟ್ಯೂಬ್ ಚಾನೆಲ್ಲಿಗೆ ವಿಡಿಯೊ ಮಾಡಿಕೊಡುತ್ತಾ ದಿನ ಕಳೆಯುವ ನಿವೃತ್ತ ಜೈಲರ್ ಮುತ್ತುವೇಲ್ ಪಾಂಡ್ಯನ್. ವಿಗ್ರಹ ಕಳ್ಳಸಾಗಣೆಯ ಬೆನ್ನು ಹತ್ತಿದ ಪೊಲೀಸ್ ಅಧಿಕಾರಿ ಮಗ ಕಾಣೆಯಾಗುತ್ತಾನೆ, ಅಪ್ಪನೊಳಗಿನ ಹುಲಿ ಎದ್ದು ಕೂರುತ್ತದೆ. ಮುಂದೇನಾಗುತ್ತದೆ ಎಂಬುದನ್ನು ನಾಲ್ಕು ಮಾಸ್ ಚಿತ್ರ ನೋಡಿದವರೆಲ್ಲ ಹೇಳಬಲ್ಲರು. ಆದರೂ 2023ರ ಆಗಸ್ಟಿನಲ್ಲಿ ಬಂದ ಈ ಚಿತ್ರವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಎಪ್ಪತ್ತೆರಡರ ನಟನನ್ನು ನೆಲ್ಸನ್ ದಿಲೀಪ್‌ಕುಮಾರ್ ಎಪ್ಪತ್ತೆರಡರವನನ್ನಾಗಿಯೇ ತೋರಿಸಿದ್ದಾರೆ; ಚಿತ್ರ ಗೆದ್ದಿರುವುದು ಅಲ್ಲಿ.

ಕಥೆಯ ಎಲುಬುಗೂಡು 1995ರ ‘ಬಾಷಾ’ದ್ದು. ಅಲ್ಲಿ ಸಾಧು ಆಟೊ ಚಾಲಕ, ಇಲ್ಲಿ ಸಾಧು ಅಜ್ಜ. ಇಬ್ಬರ ಹಿಂದೆಯೂ ಮುಚ್ಚಿಟ್ಟ ಒಂದು ಕಾಲವಿದೆ. ಕನ್ನಡದಲ್ಲಿ ಇದೇ ಕಥೆ 2001ರಲ್ಲಿ ವಿಷ್ಣುವರ್ಧನರ ‘ಕೋಟಿಗೊಬ್ಬ’ ಆಗಿ ಬಂತು. ಇಂಥ ಚಿತ್ರದ ಸುಖವೆಲ್ಲ ಕಾಯುವುದರಲ್ಲಿದೆ. ನಾಯಕ ಯಾರೆಂಬುದು ಖಳನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಅವನು ತಲೆ ತಗ್ಗಿಸಿದಷ್ಟೂ ನಮ್ಮ ಕಾತರ ಏರುತ್ತದೆ. ನಟನಿಗೆ ವಯಸ್ಸಾದಾಗ ಈ ಗುಟ್ಟು ಇನ್ನೂ ದೊಡ್ಡದಾಗುತ್ತದೆ. ಆಗ ನಮಗೆ ಪಾತ್ರದ ಹಿಂದಿನ ಕಥೆಯ ಜೊತೆ ನಟನ ನಲವತ್ತೆಂಟು ವರ್ಷಗಳೂ ಗೊತ್ತಿರುತ್ತವೆ. ಬೆಂಗಳೂರಿನ ಬಸ್ ಕಂಡಕ್ಟರ್ ಶಿವಾಜಿರಾವ್ 1975ರ ‘ಅಪೂರ್ವ ರಾಗಂಗಳ್’ನಿಂದ ಇಲ್ಲಿಯವರೆಗೆ ನಡೆದು ಬಂದದ್ದೆಲ್ಲ ಆ ಒಂದು ಮೌನದ ಹಿಂದೆ ನಿಂತಿರುತ್ತದೆ.

ಮನೆಯೊಳಗೆ ರೌಡಿಗಳು ನುಗ್ಗುವ ದೃಶ್ಯವನ್ನೇ ನೋಡಿ. ಹೆಂಡತಿ, ಸೊಸೆಯ ಜೀವ ಅವರ ಕೈಯಲ್ಲಿದೆ. ಮುತ್ತುವೇಲ್ ಎದ್ದು ಹಾರುವುದಿಲ್ಲ, ಯಾರನ್ನೂ ಗಾಳಿಗೆ ತೂರುವುದಿಲ್ಲ. ಹೊರಗೆ ಹೊಂಚಿ ಕೂತ ಅವನ ಕಡೆಯ ಬಂದೂಕುಗಳು ಕೆಲಸ ಮುಗಿಸುತ್ತವೆ. ಹೊಡೆದಾಟ ಒಂದು ನೋಟಕ್ಕೆ ಇಳಿದಿದೆ, ಮಿಕ್ಕದ್ದನ್ನು ಅನಿರುದ್ಧ್ ಸಂಗೀತ ಹೊತ್ತುಕೊಂಡಿದೆ. ನಾಯಕ ಕಡಿಮೆ ಮಾಡಿದಷ್ಟೂ ಚಿತ್ರಮಂದಿರದಲ್ಲಿ ಶಿಳ್ಳೆ ಜೋರಾಗುತ್ತದೆ.

ಇದರ ಬೆಲೆ ತಿಳಿಯಲು 2014ರ ‘ಲಿಂಗಾ’ವನ್ನು ನೆನಪಿಸಿಕೊಳ್ಳಬೇಕು. ನಮ್ಮ ಲಿಂಗನಮಕ್ಕಿಯಲ್ಲೂ ಚಿತ್ರೀಕರಣ ನಡೆಸಿದ್ದ ಆ ಚಿತ್ರ ಬಿಡುಗಡೆಯಾದ ದಿನವೇ ರಜನಿಗೆ ಅರವತ್ತನಾಲ್ಕು ತುಂಬಿತು. ನಾಯಕಿಯರಲ್ಲೊಬ್ಬರಾದ ಸೋನಾಕ್ಷಿ ಸಿನ್ಹಾಗೆ ಆಗ ಇಪ್ಪತ್ತೇಳು. ಕೊನೆಯಲ್ಲಿ ನಾಯಕ ಬೈಕಿನಿಂದ ಬಿಸಿಗಾಳಿ ಬಲೂನಿಗೆ ಹಾರುತ್ತಾನೆ. ಅದು ನಂಬಲಾಗದ್ದು ಎಂಬುದು ನನ್ನ ತಕರಾರಲ್ಲ. ಮಾಸ್ ಚಿತ್ರದಿಂದ ನಂಬಿಕೆಯನ್ನು ನಾವು ಎಂದೂ ಬೇಡಿದವರಲ್ಲ. ನಟನ ದೇಹದ ಬಗ್ಗೆ ಅದು ಸುಳ್ಳು ಹೇಳಿತು, ನೋಯಿಸಿದ್ದು ಅದು. ಮುಂದೆ ಪಾ. ರಂಜಿತ್ ‘ಕಬಾಲಿ’ಯಲ್ಲಿ (2016) ನೆರೆತ ಗಡ್ಡವನ್ನು ಮರೆಮಾಚದೆ ತೋರಿಸಿದರು. ನೆಲ್ಸನ್ ಅದೇ ನಿಜವನ್ನು ಅಪ್ಪಟ ಮನರಂಜನೆಯ ಚೌಕಟ್ಟಿಗೆ ತಂದರು.

ಅತಿಥಿ ಪಾತ್ರಗಳಲ್ಲೂ ಇದೇ ಜಾಣ್ಮೆ ಇದೆ. ಶಿವರಾಜ್‌ಕುಮಾರ್, ಮೋಹನ್‌ಲಾಲ್, ಜಾಕಿ ಶ್ರಾಫ್ ಮೂವರೂ ಅರವತ್ತು ದಾಟಿದವರು. ನರಸಿಂಹನಾಗಿ ಶಿವಣ್ಣ ತೆರೆಯ ಮೇಲಿರುವುದು ಕೆಲವೇ ನಿಮಿಷ, ಮಾತೂ ಬೆರಳೆಣಿಕೆಯಷ್ಟು. ಆದರೆ ಕ್ಲೈಮ್ಯಾಕ್ಸಿನಲ್ಲಿ ಅವರು ನಡೆದು ಬರುವಾಗ 1986ರ ‘ಆನಂದ್’ನಿಂದ ಹಿಡಿದು ಅವರನ್ನು ಕಂಡ ಕನ್ನಡ ಪ್ರೇಕ್ಷಕ ಎದ್ದು ನಿಲ್ಲುತ್ತಾನೆ. ಆ ನಡಿಗೆಗೆ ಪೀಠಿಕೆ ಬೇಕಿಲ್ಲ, ಅದನ್ನು ಪ್ರೇಕ್ಷಕನೇ ಮನೆಯಿಂದ ತಂದಿರುತ್ತಾನೆ. ಒಬ್ಬ ನಟನ ನಾಲ್ಕು ದಶಕಗಳನ್ನು ಕೆಲವು ನಿಮಿಷಗಳಲ್ಲಿ ಹೀಗೆ ದುಡಿಸಿಕೊಳ್ಳುವುದು ಸಣ್ಣ ಕಸುಬುಗಾರಿಕೆಯಲ್ಲ.

ಚಿತ್ರ ಸೋಲುವ ಕಡೆಗಳೂ ಇವೆ, ಹೆಚ್ಚಿನವು ತನ್ನ ಬಲವನ್ನು ತಾನೇ ಮರೆತ ಕಡೆಗಳು. ತಿಹಾರ್ ಜೈಲಿನ ಫ್ಲ್ಯಾಷ್‌ಬ್ಯಾಕಿನಲ್ಲಿ ಗ್ರಾಫಿಕ್ಸ್ ಬಳಸಿ ರಜನಿಯ ಮುಖವನ್ನು ಎಳೆಯದಾಗಿಸಿದ್ದಾರೆ. ನಯವಾದ ಆ ಮುಖದಲ್ಲಿ ಜೀವವಿಲ್ಲ. ಸುಕ್ಕುಗಳು ಕೊಟ್ಟಿದ್ದನ್ನು ಕಂಪ್ಯೂಟರ್ ಕಿತ್ತುಕೊಂಡಿದೆ. ದ್ವಿತೀಯಾರ್ಧದ ಕಿರೀಟ ಕಳವಿನ ಪ್ರಸಂಗ, ಸುನಿಲ್–ತಮನ್ನಾ ಹಾಸ್ಯ ಕಥೆಯ ಬಿಗಿಯನ್ನು ಸಡಿಲಿಸುತ್ತವೆ. ಎಲ್ಲಕ್ಕಿಂತ ದೊಡ್ಡ ನಷ್ಟ ರಮ್ಯಾಕೃಷ್ಣ. 1999ರ ‘ಪಡಯಪ್ಪ’ದಲ್ಲಿ ನೀಲಾಂಬರಿಯಾಗಿ ರಜನಿಗೆ ಸರಿಸಮವಾಗಿ ಎದುರು ನಿಂತ ನಟಿ ಇಲ್ಲಿ ಆತಂಕಪಡುವ ಹೆಂಡತಿ ಮಾತ್ರ. ನೆನಪೇ ಬಂಡವಾಳವಾದ ಚಿತ್ರ ಗಂಡಸರ ನೆನಪನ್ನಷ್ಟೇ ಬಳಸಿಕೊಂಡದ್ದು ಅನ್ಯಾಯ. ಹಿಂಸೆಯೂ ಮಿತಿ ಮೀರಿದೆ. ವಿನಾಯಕನ್ ಅದ್ಭುತವಾಗಿ ನಟಿಸಿರುವ ವರ್ಮನ್ ಮನುಷ್ಯರನ್ನು ಆ್ಯಸಿಡ್ ತೊಟ್ಟಿಗೆ ಇಳಿಸುತ್ತಾನೆ; ಅದರ ಪಕ್ಕದಲ್ಲೇ ನಗೆಹನಿಗಳು ಸಾಲುಗಟ್ಟಿದಾಗ ಮನಸ್ಸು ಹಿಂಜರಿಯುತ್ತದೆ.

ಆದರೆ ಅಂತ್ಯ ಚಿತ್ರವನ್ನು ಮೇಲೆತ್ತುತ್ತದೆ. ಯಾವ ಮಗನಿಗಾಗಿ ಇಷ್ಟೆಲ್ಲ ನೆತ್ತರು ಹರಿಯಿತೋ ಆ ಮಗ ಬದುಕಿದ್ದಾನೆ, ಖಳನ ಜೊತೆ ಕೈಜೋಡಿಸಿದ್ದಾನೆ. ಶರಣಾಗು ಎಂದು ಅಪ್ಪ ಕೇಳಿಕೊಳ್ಳುತ್ತಾನೆ. ಮಗ ಒಪ್ಪುವುದಿಲ್ಲ, ಅಪ್ಪನ ಕಡೆಯವರ ಗುಂಡಿಗೆ ಬೀಳುತ್ತಾನೆ. ಶಿವಾಜಿ ಗಣೇಶನ್ ಅವರ ‘ತಂಗಪದಕ್ಕಂ’ (1974) ಕಾಲದಿಂದ ತಮಿಳು ಸಿನಿಮಾ ಬಲ್ಲ ಧರ್ಮಸಂಕಟವಿದು: ಕರ್ತವ್ಯನಿಷ್ಠ ತಂದೆ, ದಾರಿ ತಪ್ಪಿದ ಮಗ. ಅಲ್ಲಿಯವರೆಗಿನ ಪ್ರತೀಕಾರವೆಲ್ಲ ಆ ಕ್ಷಣದಲ್ಲಿ ಬೇರೆಯೇ ಅರ್ಥ ಪಡೆಯುತ್ತದೆ. ಊರಿನ ಖದೀಮರನ್ನೆಲ್ಲ ಗುರುತಿಸಿದವನು ತನ್ನ ಮಗನನ್ನು ಗುರುತಿಸಲಿಲ್ಲ. ಮೂವತ್ತರ ನಾಯಕ ಈ ನೋವನ್ನು ಹೊರಲಾರ. ಇದಕ್ಕೆ ಬಾಳಿದ ಮುಖ ಬೇಕು, ರಜನಿಯ ಮುಖ ಅದನ್ನು ಮಾತಿಲ್ಲದೆ ಹೊರುತ್ತದೆ.

ಹಳೆಯ ನಾಯಕರ ಮಾಸ್ ಚಿತ್ರವನ್ನು ಆನಂದಿಸಲು ನಾಚಬೇಕಿಲ್ಲ. ಒಬ್ಬ ನಟನ ಜೊತೆ ತಾನೂ ಬೆಳೆದ ಪ್ರೇಕ್ಷಕನ ಪ್ರೀತಿ ಅದು, ಕಲೆಗೆ ಸಲ್ಲುವ ಪ್ರೀತಿ. ಆ ಪ್ರೀತಿಯನ್ನು ವಿಗ್ಗು, ಎಳೆಯ ನಾಯಕಿ, ಗ್ರಾಫಿಕ್ಸುಗಳಿಗೆ ಸವೆಸುವುದು ತಪ್ಪು. ಶಿವಣ್ಣನಂಥ ನಟರಿರುವ ಕನ್ನಡದ ನಿರ್ದೇಶಕರೂ ಇದನ್ನು ಗಮನಿಸಬೇಕು: ಅರವತ್ತರ ನಾಯಕನಿಗೆ ಅರವತ್ತರ ಕಥೆಯನ್ನೇ ಬರೆಯಿರಿ. ಶಿಳ್ಳೆ ಹೊಡೆಯಲು ನಾವು ತಯಾರಿದ್ದೇವೆ.